ಅಲೆತಡೆಗೋಡೆಯ ಬಂಡೆಗಳಲ್ಲಿ ಮುರು, ಕೆಂಬೇರಿ ಹಿಡಿಯುವುದು: ಘಟ್ಟದ ಮೇಲಿನವನ ಪ್ರಶ್ನೆ

ಹೆತ್ತೂರು ಹೊಳೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಕಾಫಿ ಬೆಳೆಗಾರ. ಗಾಳ ಹಾಕುವ ಹವ್ಯಾಸ ನನಗೆ ಅಜ್ಜನಿಂದ ಬಂದದ್ದು. ಹೇಮಾವತಿಯ ಮಡುಗಳಲ್ಲಿಯೂ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿಯೂ ಎರೆಹುಳು, ರಾಗಿಹಿಟ್ಟಿನ ಉಂಡೆ ಸಿಕ್ಕಿಸಿ ಕಾಟ್ಲಾ, ರೋಹು, ಕೊರವ ಹಿಡಿಯುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಆದರೆ ಎರಡು ವರ್ಷಗಳಿಂದ ನನ್ನ ಮನಸ್ಸೆಲ್ಲ ಘಟ್ಟದ ಕೆಳಗಿದೆ. ಕೊಯ್ಲಿಗೆ ಮುಂಚೆ ಅಕ್ಟೋಬರಿನಲ್ಲಿ ಒಮ್ಮೆ, ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಒಂದೆರಡು ಬಾರಿ ಶಿರಾಡಿ ಘಾಟಿ ಇಳಿದು ಮಂಗಳೂರಿನ ಆಸುಪಾಸಿನ ಕಡಲತೀರಕ್ಕೆ ಹೋಗುತ್ತಿದ್ದೇನೆ.

ನಾನು ಅರಸಿ ಹೋಗುವುದು ಮೇಲುನೀರಿನಲ್ಲಿ ಹಿಂಡುಗಟ್ಟಿ ಓಡಾಡುವ ಬಂಗುಡೆಯಂಥ ಮೀನನ್ನಲ್ಲ. ಅಲೆತಡೆಗೋಡೆಯ ಬಂಡೆಗಳ ಸಂದಿಯಲ್ಲಿ, ಸೇತುವೆಯ ಕಂಬಗಳ ಬುಡದಲ್ಲಿ, ಹಳೆಯ ಜೆಟ್ಟಿಗಳ ಕೆಳಗೆ ತಳ ಹಿಡಿದು ಬದುಕುವ ಮುರು ಮೀನು, ಕೆಂಬೇರಿ ಮುಂತಾದವುಗಳನ್ನು ಹಿಡಿಯಬೇಕೆಂಬುದು ನನ್ನ ಆಸೆ. ಐದು ಬಾರಿ ಹೋಗಿ ಬಂದಿದ್ದೇನೆ. ದಕ್ಕಿದ್ದು ನಾಲ್ಕು ತೇಡೆ ಮೀನು ಮತ್ತು ಅಂಗೈಯಷ್ಟು ಅಗಲದ ಒಂದು ಕೆಂಬೇರಿ. ಕಳೆದುಕೊಂಡದ್ದು ಇಪ್ಪತ್ತಕ್ಕೂ ಹೆಚ್ಚು ಸೀಸದ ಗುಂಡು, ಅಷ್ಟೇ ಗಾಳ, ಲೆಕ್ಕವಿಡದಷ್ಟು ದಾರ. ಹಣ ಹೋದದ್ದಕ್ಕಿಂತ, ಅಷ್ಟೊಂದು ನೈಲಾನ್ ಕಡಲ ತಳದಲ್ಲಿ ಬಿಟ್ಟು ಬಂದೆನಲ್ಲ ಎಂಬುದೇ ಹೆಚ್ಚು ನೋವು.

ಎರಡು ಸಲ ಒಳ್ಳೆಯ ತೂಕದ ಮೀನು ಕಚ್ಚಿದ್ದು ನಿಜ. ಕಡ್ಡಿಯ ತುದಿ ಎರಡು ಬಾರಿ ಬಡಿದುಕೊಂಡಿತು. ಹೊಳೆಯಲ್ಲಿ ಮಾಡುವಂತೆಯೇ ಸ್ವಲ್ಪ ದಾರ ಬಿಟ್ಟು, ಅದು ನುಂಗಲಿ ಎಂದು ಕಾದು, ಆಮೇಲೆ ಎಳೆದೆ. ಅಷ್ಟರಲ್ಲಿ ದಾರ ಬಂಡೆಗೇ ಕಟ್ಟಿ ಹಾಕಿದಂತೆ ನಿಂತುಬಿಟ್ಟಿತ್ತು. ನಾನು ಬಳಸುತ್ತಿರುವುದು ಹಿನ್ನೀರಿಗೆಂದು ತಂದಿದ್ದ ಮೆದು ಕಡ್ಡಿ, 0.35 ಮಿಲಿಮೀಟರ್ ನೈಲಾನ್ ದಾರ, ದಾರದ ಮೇಲೆ ಜಾರುವ ಸೀಸದ ಗುಂಡು ಮತ್ತು ಅಂಗಡಿಯಲ್ಲಿ ಕೊಂಡ ಸೀಗಡಿ. ತಪ್ಪು ನನ್ನ ಸಾಮಾನಿನಲ್ಲಿದೆಯೇ, ಕೈಯಲ್ಲಿದೆಯೇ, ಅಥವಾ ಹೋಗುವ ಹೊತ್ತೇ ಸರಿಯಿಲ್ಲವೇ ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯಿಂದ ಕಡಲಿಗೆ ಹೋಗಿ ಈ ಕೆಲಸ ಕಲಿತವರು ಇದ್ದರೆ ಇನ್ನೂ ಒಳ್ಳೆಯದು. ಹೊಳೆಯಲ್ಲಿ ಪಳಗಿದ ಕೈ ಎಲ್ಲಿ ಎಡವುತ್ತದೆ ಎಂಬುದು ಅಂಥವರಿಗೇ ಗೊತ್ತಿರುತ್ತದೆ.

ಕೊಟ್ಟಿಗೆಹಾರ ಬರೆದದ್ದು:

ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. “ಸ್ವಲ್ಪ ದಾರ ಬಿಟ್ಟು, ಅದು ನುಂಗಲಿ ಎಂದು ಕಾದೆ” ಎಂದು ಬರೆದಿದ್ದೀರಿ. ಆ ಕಾಯುವಿಕೆಯಲ್ಲಿಯೇ ಎರಡು ಮೀನೂ ಹೋದವು.

ಹೊಳೆಯ ರೋಹು ಕಚ್ಚಿದ ಮೇಲೆ ಬಯಲು ನೀರಿಗೆ ಓಡುತ್ತದೆ. ಅದಕ್ಕೆ ದಾರ ಕೊಟ್ಟು, ಆಡಿಸಿ, ದಣಿಸಿ ದಡಕ್ಕೆ ತರಬಹುದು. ಮುರು ಓಡುವುದು ತನ್ನ ಮನೆಗೆ, ಮತ್ತು ಆ ಮನೆ ಒಂದು ಮಾರು ದೂರದಲ್ಲಿಯೂ ಇರುವುದಿಲ್ಲ. ಅದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಸಂದಿಯ ಬಾಯಲ್ಲಿ ನಿಂತಿದ್ದು, ಹತ್ತಿರ ಬಂದದ್ದನ್ನು ತನ್ನ ದೊಡ್ಡ ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ, ಆ ಕ್ಷಣವೇ ಹಿಂದಕ್ಕೆ ತಿರುಗುತ್ತದೆ. ನೀವು ಕಡ್ಡಿಯ ತುದಿಯಲ್ಲಿ ಕಂಡ ಎರಡನೆಯ ಬಡಿತ ಅದು ಮನೆ ಸೇರಿದ ಬಡಿತ. ಒಳಗೆ ಹೋಗಿ ಕಿವಿರಿನ ಮುಚ್ಚಳವನ್ನೂ ರೆಕ್ಕೆಯ ಮುಳ್ಳುಗಳನ್ನೂ ಅಗಲಿಸಿ ಕಲ್ಲಿಗೆ ಒತ್ತಿ ನಿಂತಿತೆಂದರೆ ಒಂದು ಕಿಲೊ ಮೀನನ್ನೂ ಎಳೆದು ತೆಗೆಯಲಾಗುವುದಿಲ್ಲ. ಕೆಂಬೇರಿ ಇದಕ್ಕಿಂತ ಸ್ವಲ್ಪ ಹೆಚ್ಚು ಅಲೆದಾಡುತ್ತದೆ. ಆದರೆ ಕಚ್ಚಿದ ಮೇಲೆ ಅದೂ ಕಂಬದ ಬುಡಕ್ಕೇ ನುಗ್ಗುತ್ತದೆ, ಮುರುವಿಗಿಂತ ಜೋರಾಗಿ.

ಇನ್ನು ದಾರದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನೀವು ಎಚ್ಚರವಾಗಿದ್ದು ತಕ್ಷಣ ಎಳೆದಿದ್ದರೂ ಆ ದಾರದಲ್ಲಿ ಮೀನು ಉಳಿಯುತ್ತಿತ್ತೆಂದು ನನಗೆ ಅನಿಸುವುದಿಲ್ಲ. ನೈಲಾನ್ ದಾರ ಎಳೆದಾಗ ಹಿಗ್ಗುತ್ತದೆ. ನೀವು 30 ಮೀಟರ್ ದೂರಕ್ಕೆ ಎಸೆದಿದ್ದೀರಿ ಎಂದಿಟ್ಟುಕೊಳ್ಳಿ. ದಾರ ತನ್ನ ಉದ್ದದ ಹತ್ತನೆಯ ಒಂದು ಭಾಗದಷ್ಟು ಹಿಗ್ಗಿದರೂ ಅದು 3 ಮೀಟರ್ ಆಯಿತು. ಮೀನಿಗೆ ಬೇಕಾದದ್ದು ಒಂದೇ ಮೀಟರ್. ಆದ್ದರಿಂದ ಇಂಥ ಜಾಗಕ್ಕೆ ಹೆಣೆದ ದಾರ, ಅಂದರೆ ಅಂಗಡಿಯವರು ಬ್ರೇಡ್ ಎನ್ನುವುದು, ಬಹಳ ಮೇಲು. ಅದು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಆದರೆ ಹೆಣೆದ ದಾರ ಕಲ್ಲಿಗೆ ಉಜ್ಜಿದರೆ ನೂಲಿನಂತೆ ಕತ್ತರಿಸಿಹೋಗುತ್ತದೆ. ಬಂಡೆಗಳ ಮೇಲಿನ ಕಲ್ಲುಸಿಂಪಿ, ಪಚ್ಚಿಲೆ ಚಿಪ್ಪುಗಳ ಅಂಚು ಬ್ಲೇಡಿನಷ್ಟೇ ಹರಿತ. ಅದಕ್ಕಾಗಿ ಕೊನೆಯಲ್ಲಿ 0.70 ಮಿಲಿಮೀಟರ್ ಆಸುಪಾಸಿನ ದಪ್ಪ ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ಒಂದೂವರೆ ಮೀಟರಿನಷ್ಟು ಕಟ್ಟಿಕೊಳ್ಳಬೇಕು. ಅದು ಸುಮಾರು 20 ಕಿಲೊ ಎಳೆತ ತಡೆಯುತ್ತದೆ. ಕಡ್ಡಿ ಎಂಟು ಅಡಿ ಆಸುಪಾಸಿನದು, ಬುಡ ಗಟ್ಟಿಯಾಗಿರುವುದು ಬೇಕು. ತೀರಾ ಗಿಡ್ಡ ಕಡ್ಡಿಯಾದರೆ ನಿಮ್ಮ ಕಾಲ ಬುಡದ ಬಂಡೆಗಳಿಗೇ ದಾರ ಉಜ್ಜುತ್ತದೆ. ರೀಲಿನ ಡ್ರ್ಯಾಗನ್ನು, ಅಂದರೆ ದಾರ ಜಾರದಂತೆ ತಡೆಯುವ ಬಿರಿಯನ್ನು, ಕೈಯಿಂದ ಜಗ್ಗಿದರೂ ಬಿಡದಷ್ಟು ಬಿಗಿ ಮಾಡಿ, ಕಡ್ಡಿಯನ್ನು ಕಲ್ಲಿಗೆ ಆನಿಸಿ ಇಡದೆ ಕೈಯಲ್ಲೇ ಹಿಡಿದಿರಿ. ಕಚ್ಚಿದೊಡನೆ ಮೊದಲ ಎರಡು ಮೀಟರ್ ಮೀನನ್ನು ಕಲ್ಲಿನಿಂದ ಮೇಲಕ್ಕೆ ಎತ್ತುವುದೇ ಇಡೀ ಕೆಲಸ. ಅದಾದ ಮೇಲೆ ನೀವು ಹೊಳೆಯಲ್ಲಿ ಕಲಿತದ್ದೆಲ್ಲ ಉಪಯೋಗಕ್ಕೆ ಬರುತ್ತದೆ.

ಸೀಸ ಕಳೆದುಕೊಳ್ಳುವುದಕ್ಕೆ ನೀವು ಕಟ್ಟುವ ಕ್ರಮವೇ ಕಾರಣ. ಜಾರುವ ಗುಂಡು ಮರಳಿನಲ್ಲಿ ಸರಿ, ಕಲ್ಲಿನ ಸಂದಿಯಲ್ಲಿ ಅಲ್ಲ. ದಪ್ಪ ತಂಗೂಸಿಯ ತೀರಾ ಕೊನೆಗೆ ಒಂದು ಸಣ್ಣ ಬಳೆ ಕಟ್ಟಿ, ಅದರಿಂದ ಒಂದು ಗೇಣು ತೆಳುವಾದ ನೈಲಾನ್ ಇಳಿಬಿಟ್ಟು, ಅದರ ತುದಿಗೆ ಭಾರ ಕಟ್ಟಿ. ಗಾಳವನ್ನು ಆ ಬಳೆಯಿಂದ ಒಂದು ಮೊಳ ಮೇಲೆ ಗಿಡ್ಡ ಕವಲಾಗಿ ಕಟ್ಟಿ. ಭಾರ ಸಿಕ್ಕಿಕೊಂಡರೆ ತೆಳು ದಾರ ಮಾತ್ರ ತುಂಡಾಗುತ್ತದೆ. ಗಾಳವೂ ಅದರಲ್ಲಿ ಮೀನಿದ್ದರೆ ಮೀನೂ ನಿಮ್ಮ ಕಡೆ ಉಳಿಯುತ್ತವೆ. ಭಾರಕ್ಕೆ ಸೀಸವೇ ಬೇಕೆಂದಿಲ್ಲ. ನಾನು ಗ್ಯಾರೇಜಿನಲ್ಲಿ ಎಸೆದ ಹಳೆಯ ಕಬ್ಬಿಣದ ನಟ್ಟುಗಳನ್ನು ಬಳಸುತ್ತೇನೆ. ಸೀಸ ವಿಷ, ಕಬ್ಬಿಣ ತುಕ್ಕು ಹಿಡಿದು ಕರಗಿಹೋಗುತ್ತದೆ. ಶಾಂತ ನೀರಿದ್ದರೆ ಹತ್ತಿಬಟ್ಟೆಯ ಸಣ್ಣ ಚೀಲಕ್ಕೆ ಮರಳು ತುಂಬಿ ಕಟ್ಟಿದರೂ ಸಾಕು, ಅದು ಸಂದಿಯಲ್ಲಿ ಸಿಕ್ಕಿಕೊಳ್ಳುವುದೂ ಕಡಿಮೆ.

ದೂರ ಎಸೆಯಬೇಡಿ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಹೊಸಬರೆಲ್ಲ ಗೋಡೆಯ ಮೇಲೆ ನಿಂತು ಶಕ್ತಿ ಇರುವಷ್ಟು ದೂರ ಎಸೆಯುತ್ತಾರೆ. ಅಲ್ಲಿರುವುದು ಬರಿಯ ಮರಳು. ಗೋಡೆಯ ಬಂಡೆಗಳು ನೀರಿನೊಳಗೂ ಇಳಿಜಾರಾಗಿ ಮುಂದುವರಿದು ಒಂದು ಕಡೆ ಮುಗಿಯುತ್ತವೆ. ಕಲ್ಲು ಮುಗಿದು ಮರಳು ಶುರುವಾಗುವ ಆ ಗೆರೆ ಸಾಮಾನ್ಯವಾಗಿ ನೀವು ನಿಂತಲ್ಲಿಂದ ಹತ್ತು ಹದಿನೈದು ಮೀಟರಿನೊಳಗೇ ಇರುತ್ತದೆ. ಅದನ್ನು ಕಂಡುಹಿಡಿಯಲು ಗಾಳ ಕಟ್ಟದೆ ಬರಿಯ ಭಾರ ಎಸೆದು ನಿಧಾನವಾಗಿ ಎಳೆಯಿರಿ. ಮರಳಿನಲ್ಲಿ ಅದು ಸರಾಗವಾಗಿ ಜಾರುತ್ತದೆ, ಕಲ್ಲಿಗೆ ಬಂದೊಡನೆ ಟಕ್ ಟಕ್ ಎಂದು ಬಡಿಯುವುದು ಬೆರಳಿಗೆ ಗೊತ್ತಾಗುತ್ತದೆ. ಆ ಗೆರೆಯ ಮರಳಿನ ಬದಿಗೆ, ಕಲ್ಲಿನಿಂದ ಒಂದು ಮಾರು ಆಚೆಗೆ ಎರೆ ಇಳಿಸಿ. ಮೀನು ಹೊರಗೆ ಬಂದು ತಿನ್ನಬೇಕು. ನಾವು ಅದರ ಮನೆಯೊಳಗೆ ಎರೆ ಇಟ್ಟರೆ ಅದಕ್ಕೆ ಹೊರಗೆ ಬರುವ ಕೆಲಸವೇ ಉಳಿಯುವುದಿಲ್ಲ.

ಗೊರೂರು ಹಿನ್ನೀರು ಬರೆದದ್ದು:

ಕೊಟ್ಟಿಗೆಹಾರದವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಗಾಳದ ವಿಷಯದಲ್ಲಿ ಮಾತ್ರ ಒಂದು ಸೇರ್ಪಡೆ, ಸ್ವಲ್ಪ ಭಿನ್ನಾಭಿಪ್ರಾಯವೂ ಇದೆ. ಅವರು ಕಚ್ಚಿದೊಡನೆ ಎತ್ತಬೇಕೆಂದಿದ್ದಾರೆ. ಸಾಮಾನ್ಯ ಜೆ ಆಕಾರದ ಗಾಳವಾದರೆ ಅದು ಸರಿ. ಆದರೆ ನಾನು ನಾಲ್ಕು ವರ್ಷದಿಂದ ಬಳಸುತ್ತಿರುವುದು ಸರ್ಕಲ್ ಗಾಳ, ಅಂದರೆ ಮೊನೆ ಒಳಕ್ಕೆ ಬಾಗಿ ಉಂಗುರದಂತೆ ಕಾಣುವ ಗಾಳ. ಅದನ್ನು ಝಾಡಿಸಿ ಎಳೆದರೆ ಮೀನಿನ ಬಾಯಿಂದ ಸುಮ್ಮನೆ ಜಾರಿ ಬರುತ್ತದೆ. ಝಾಡಿಸದೆ, ಕಡ್ಡಿಯನ್ನು ಸ್ಥಿರವಾಗಿ ಹಿಡಿದು ಒಂದೇ ಸಮನೆ ರೀಲು ಸುತ್ತುತ್ತ ಹೋದರೆ ಮೀನು ತಿರುಗುವಾಗ ಗಾಳವೂ ತಿರುಗಿ ದವಡೆಯ ಮೂಲೆಯಲ್ಲಿ ನೆಡುತ್ತದೆ. ಹೀಗೆ ದವಡೆಯಲ್ಲೇ ಸಿಕ್ಕುವುದರಿಂದ, ಸಣ್ಣ ಮೀನನ್ನು ಮರಳಿ ಬಿಡಬೇಕಾದಾಗ ಅದರ ಹೊಟ್ಟೆ ಹರಿಯುವುದಿಲ್ಲ. ನೀವು ಬಿಟ್ಟು ಬಂದ ದಾರದ ಬಗ್ಗೆ ನೊಂದುಕೊಂಡಿದ್ದನ್ನು ಓದಿದ ಮೇಲೆ ಈ ಗಾಳ ನಿಮಗೆ ಹಿಡಿಸುತ್ತದೆಂದು ಅನಿಸಿತು. ಅಳತೆ 2/0 ರಿಂದ 4/0 ಇರಲಿ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗಾಳ ಬೇಡ. ದಾರ ತುಂಡಾಗಿ ಮೀನಿನ ಬಾಯಲ್ಲಿ ಉಳಿದ ಗಾಳ ತುಕ್ಕು ಹಿಡಿದು ಉದುರಿಹೋಗಲಿ.

ಮೀನು ಕಲ್ಲಿನೊಳಗೆ ಹೋದೊಡನೆ ಆಟ ಮುಗಿಯಿತೆಂದು ದಾರ ಕತ್ತರಿಸುವವರಿದ್ದಾರೆ. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಗೋಡೆಯ ಮೇಲೆ ಕೈಗಾಳ ಹಾಕುತ್ತಿದ್ದ ಒಬ್ಬ ಹಿರಿಯರು ಒಮ್ಮೆ ನನ್ನ ಕೈ ತಡೆದು, ದಾರ ಪೂರ್ತಿ ಸಡಿಲ ಬಿಡುವಂತೆ ಹೇಳಿದರು. ಎಳೆತ ಇರುವಷ್ಟು ಹೊತ್ತು ಮೀನು ಮುಳ್ಳು ಅಗಲಿಸಿ ಒತ್ತಿಕೊಂಡೇ ಇರುತ್ತದೆ. ಎಳೆತ ಹೋದರೆ ಅಪಾಯ ಹೋಯಿತೆಂದು ಮೈ ಸಡಿಲಿಸಿ ನಿಧಾನವಾಗಿ ಹೊರಗೆ ಹೊರಳುತ್ತದೆ. ಐದರಿಂದ ಹತ್ತು ನಿಮಿಷ ಕಾಯಬೇಕು. ದಾರವನ್ನು ಎರಡು ಬೆರಳಿನಲ್ಲಿ ಹಗುರವಾಗಿ ಹಿಡಿದಿದ್ದರೆ ಅದು ಕದಲುವುದು ತಿಳಿಯುತ್ತದೆ. ಕದಲಿದಾಗ ಒಂದೇ ಏಟಿಗೆ ಎತ್ತಬೇಕು. ಪ್ರತಿ ಸಲ ಆಗುವುದಿಲ್ಲ. ನನ್ನ ಅನುಭವದಲ್ಲಿ ಮೂರಕ್ಕೆ ಒಂದು ಸಲ ಆಗುತ್ತದೆ. ಕಾಯುವುದು ಹೊಳೆಯವರಾದ ನಮಗೆ ಗೊತ್ತೇ ಇದೆ, ಅದನ್ನು ಕಚ್ಚುವ ಹೊತ್ತಿಗೆ ಬಳಸದೆ ಇಲ್ಲಿ ಬಳಸಿ.

ಎರೆಯ ಬಗ್ಗೆ ಎರಡು ಮಾತು. ಅಂಗಡಿಯ ಸತ್ತ ಸೀಗಡಿಯನ್ನು ಸಣ್ಣ ಮೀನುಗಳೂ ಏಡಿಗಳೂ ಎರಡೇ ನಿಮಿಷದಲ್ಲಿ ಕಿತ್ತು ಮುಗಿಸುತ್ತವೆ, ನೀವು ಬರಿಯ ಗಾಳ ಹಿಡಿದು ಅರ್ಧ ಗಂಟೆ ಕುಳಿತಿರುತ್ತೀರಿ. ಬೊಂಡಾಸನ್ನು (ಸ್ಕ್ವಿಡ್) ಬೆರಳುದ್ದ ಪಟ್ಟಿಯಾಗಿ ಕತ್ತರಿಸಿ ಸಿಕ್ಕಿಸಿದರೆ ಅದು ತೊಗಲಿನಂತೆ ಗಟ್ಟಿ, ಬೇಗ ಹೋಗುವುದಿಲ್ಲ. ಬೂತಾಯಿ ಮೀನು ವಾಸನೆಗೆ ಉತ್ತಮ, ಆದರೆ ಮೆದು. ಹೊಲಿಗೆ ದಾರದಿಂದ ನಾಲ್ಕು ಸುತ್ತು ಬಿಗಿದುಕೊಳ್ಳಬೇಕು. ಎಲ್ಲಕ್ಕಿಂತ ಮೇಲಾದದ್ದು ಜೀವಂತ ಸೀಗಡಿ. ಅಳಿವೆಯ ದಂಡೆಯಲ್ಲಿ ಬಲೆ ಬೀಸುವವರನ್ನು ಕೇಳಿದರೆ ಬೆಳಗಿನ ಹೊತ್ತು ಸಿಗುತ್ತದೆ. ಗಾಳವನ್ನು ಬಾಲದ ತುದಿಯ ಗಣ್ಣಿಗೆ ಸಿಕ್ಕಿಸಿ. ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗಿದರೆ ಅದು ಆಗಲೇ ಸಾಯುತ್ತದೆ.

ಮಲ್ಪೆ ತವರು, ಹಾಸನ ಬರೆದದ್ದು:

ನಾನು ಹುಟ್ಟಿ ಬೆಳೆದದ್ದು ಮಲ್ಪೆಯಲ್ಲಿ, ಮದುವೆಯಾಗಿ ಬಂದದ್ದು ಹಾಸನಕ್ಕೆ, ವೃತ್ತಿಯಲ್ಲಿ ದಾದಿ. ಅಣ್ಣಂದಿರ ಮನೆಗೆ ಹೋದಾಗಲೆಲ್ಲ ಘಟ್ಟದ ಮೇಲಿನಿಂದ ಬಂದವರು ಬಂಡೆಗಳ ಮೇಲೆ ರಬ್ಬರ್ ಚಪ್ಪಲಿಯಲ್ಲಿ ಓಡಾಡುವುದನ್ನು ನೋಡಿ ಎದೆ ಝಲ್ಲೆನ್ನುತ್ತದೆ. ಮೀನು ಹಿಡಿಯುವ ಉಪಾಯವನ್ನು ಉಳಿದವರು ಹೇಳಿದ್ದಾರೆ. ನಾನು ಹೇಳಬೇಕಾದದ್ದು ಮನೆಗೆ ಕ್ಷೇಮವಾಗಿ ಹಿಂದಿರುಗುವುದರ ಬಗ್ಗೆ, ಅದನ್ನು ದಯವಿಟ್ಟು ಪೂರ್ತಿ ಓದಿ.

ಸಹೋದರರೇ, ನೀವು ನಾಲ್ಕು ತೇಡೆ ಹಿಡಿದಿದ್ದೀರಿ ಎಂದು ಬರೆದಿದ್ದೀರಿ. ಅದರ ಬೆನ್ನಿನ ಒಂದು ಮುಳ್ಳು ಮತ್ತು ಪಕ್ಕದ ಎರಡು ಮುಳ್ಳುಗಳಲ್ಲಿ ವಿಷವಿದೆ, ಗರಗಸದಂತೆ ಹಲ್ಲುಗಳೂ ಇವೆ. ಒದ್ದಾಡುವ ತೇಡೆಯನ್ನು ಬರಿಗೈಯಲ್ಲಿ ಹಿಡಿಯಲೇಬೇಡಿ. ದಪ್ಪ ಬಟ್ಟೆ ಹಾಕಿ ಒತ್ತಿ ಹಿಡಿದು, ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿದರೆ ಗಾಯವನ್ನು ತೊಳೆದು, ಚರ್ಮ ಸುಡದಷ್ಟು ಬಿಸಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಈ ವಿಷ ಶಾಖಕ್ಕೆ ಕೆಡುತ್ತದೆ, ನೋವು ಬೇಗ ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದ ನೋಡಿ, ಏಕೆಂದರೆ ನೋವಿನಲ್ಲಿರುವ ಕೈಗೆ ಸುಡುವುದು ತಿಳಿಯುವುದಿಲ್ಲ. ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ. ಮುಳ್ಳಿನ ತುದಿ ಒಳಗೆ ಮುರಿದುಕೊಂಡಿರಬಹುದು, ಆದ್ದರಿಂದ ಅಂದೇ ಆಸ್ಪತ್ರೆಗೆ ತೋರಿಸಿ ಟಿಟಿ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಿಗೆ ಕಡಲನೀರಿನ ಸಣ್ಣ ಗಾಯವೂ ಒಂದೆರಡು ದಿನದಲ್ಲಿ ಪ್ರಾಣಕ್ಕೆ ಬರುವಂತಹ ಸೋಂಕಾಗಬಲ್ಲದು. ಅಂಥವರು ಊರಿಗೆ ಹೋಗಿ ನೋಡೋಣ ಎಂದು ಘಾಟಿ ಹತ್ತಬಾರದು. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳಿಗೂ ಬಿಸಿನೀರೇ ಮೊದಲ ಚಿಕಿತ್ಸೆ, ಆದರೆ ಅದರ ಗಾಯ ಆಳವಾಗಿರುವುದರಿಂದ ಆಸ್ಪತ್ರೆ ಇನ್ನೂ ಅವಸರ. ಹೊಟ್ಟೆ ಊದಿಸಿ ಚೆಂಡಿನಂತಾಗುವ ಮೀನು ಸಿಕ್ಕರೆ ಮರಳಿ ನೀರಿಗೆ ಬಿಡಿ, ಎಷ್ಟು ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಸಂದಿಗಳಲ್ಲಿ ಹಾವಿನಂತಹ ಉದ್ದ ಮೀನು ಗಾಳಕ್ಕೆ ಬಂದರೆ ಅದರ ಹಲ್ಲಿನ ಹತ್ತಿರ ಕೈ ಒಯ್ಯದೆ ದಾರ ಕತ್ತರಿಸಿ.

ಕಾಲಿಗೆ ಹಿಡಿತವಿರುವ ಬೂಟು, ಮೈಗೆ ಲೈಫ್ ಜಾಕೆಟ್, ಜೊತೆಗೆ ಒಬ್ಬರು. ಇವು ಮೂರೂ ಇಲ್ಲದೆ ಬಂಡೆ ಹತ್ತಬೇಡಿ. ನೀರು ತಾಗಿ ಹಸಿರು ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡಿ. ಹೋದೊಡನೆ ಗಾಳ ಎಸೆಯದೆ ಕಾಲು ಗಂಟೆ ಸುಮ್ಮನೆ ನಿಂತು ಅಲೆಗಳನ್ನು ನೋಡಿ. ಅಷ್ಟರಲ್ಲಿ ಬರುವ ಎಲ್ಲಕ್ಕಿಂತ ದೊಡ್ಡ ಅಲೆ ಎಲ್ಲಿಯವರೆಗೆ ನೆನೆಸಿತೋ ಅದಕ್ಕಿಂತ ಬಹಳ ಮೇಲೆ ನಿಲ್ಲಿ, ಕಡಲಿಗೆ ಬೆನ್ನು ಕೊಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೂ ಮಳೆಯೂ ಇಲ್ಲದ ದಿನವೇ ದೊಡ್ಡ ಅಲೆಗಳು ಬರುವುದುಂಟು. ಕೇರಳದವರು ಅದನ್ನು ಕಳ್ಳಕಡಲು ಎನ್ನುತ್ತಾರೆ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ತೀರ ಮುಟ್ಟುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ಸೂಚನೆ ಹೊರಡಿಸುತ್ತದೆ. ಘಾಟಿ ಇಳಿಯುವ ಮುನ್ನ ಅದನ್ನು ನೋಡಿ. ಜೂನ್ 1 ರಿಂದ ಜುಲೈ 31 ರವರೆಗೆ ನಮ್ಮ ಯಾಂತ್ರೀಕೃತ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ದಡದಿಂದ ಗಾಳ ಹಾಕುವವರ ಮಾತು ಅದರಲ್ಲಿ ಬರುವುದಿಲ್ಲ ಎಂದು ಕೆಲವರು ಆ ದಿನಗಳಲ್ಲಿ ಗೋಡೆ ಹತ್ತುತ್ತಾರೆ. ಹುಟ್ಟಿನಿಂದ ಕಡಲು ಕಂಡ ನನ್ನ ಅಣ್ಣಂದಿರೇ ಆ ಎರಡು ತಿಂಗಳು ಬಂಡೆಯ ಹತ್ತಿರ ಹೋಗುವುದಿಲ್ಲ. ಬಂದರುಗಳ ಒಳಗಿನ ಗೋಡೆ, ಜೆಟ್ಟಿಗಳು ಭದ್ರತಾ ವಲಯವಾಗಿರುವ ಕಡೆ ಅನುಮತಿ ಇಲ್ಲದೆ ಹೋಗಲೂಬಾರದು.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ತೇಡೆಯಲ್ಲಿ ಗಂಡು ಮೀನು ಗೋಲಿಯಷ್ಟು ದೊಡ್ಡ ಮೊಟ್ಟೆಗಳನ್ನು ಮರಿಯಾಗುವವರೆಗೆ ತನ್ನ ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ಅಷ್ಟು ದಿನವೂ ಉಪವಾಸ. ಬಾಯಲ್ಲಿ ಮೊಟ್ಟೆ ಕಂಡರೆ ಅದನ್ನು ಮೆಲ್ಲಗೆ ನೀರಿಗೆ ಬಿಡಿ. ಮುರು ಮೀನು ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತದೆ, ಆದ್ದರಿಂದ ಒಂದು ಬಂಡೆಸಾಲಿನ ದೊಡ್ಡ ಮುರುಗಳನ್ನೆಲ್ಲ ತೆಗೆದರೆ ಅಲ್ಲಿ ಗಂಡೇ ಉಳಿಯುವುದಿಲ್ಲ. ಅಂಗೈ ಅಗಲದ ಕೆಂಬೇರಿ ಅಳಿವೆಯಲ್ಲಿ ಬೆಳೆಯಲು ಬಂದಿರುವ ಮರಿ. ಕೆಲವು ವರ್ಷ ಅಲ್ಲಿದ್ದು ಬಲಿತ ಮೇಲೆ ಹೊರಗಡಲಿನ ಬಂಡೆಗಳಿಗೆ ಹೋಗಿ ಮೊಟ್ಟೆ ಇಡುತ್ತದೆ. ಮುಂದಿನ ಸಲ ಅಂಥದ್ದು ಸಿಕ್ಕರೆ ಬಿಡುವಿರೆಂದು ನಂಬಿದ್ದೇನೆ.

ಕಳಸ ಬರೆದದ್ದು:

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಘಟ್ಟದವರಾದ ನಮಗೆ ಇದರಲ್ಲಿ ಕರಾವಳಿಯವರಿಗಿಂತ ಒಂದು ದಿನ ಮುಂಚೆಯೇ ಸುದ್ದಿ ತಿಳಿಯುವ ಅನುಕೂಲವಿದೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಪೂರ್ವಕ್ಕೆ ಹೋಗಿ ಕಾವೇರಿ ಸೇರಿತು, ಅದರ ಮಾತು ಬಿಡಿ. ಆದರೆ ನೇತ್ರಾವತಿ ನಮ್ಮ ಕುದುರೆಮುಖದ ಸಾಲಿನಲ್ಲಿ ಹುಟ್ಟುತ್ತದೆ. ನಿಮ್ಮ ಸಕಲೇಶಪುರದ ಪಶ್ಚಿಮದ ಕಾಡುಗಳ ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನಲ್ಲಿ ಗುರುಪುರ ಹೊಳೆಯ ಜೊತೆ ಒಂದೇ ಅಳಿವೆಯಿಂದ ಕಡಲು ಸೇರುತ್ತದೆ. ನಿಮ್ಮ ತೋಟದಂಚಿನಲ್ಲಿ ಹೊಳೆ ಕೆಂಪಾಗಿ ಹರಿಯಿತೆಂದರೆ ಆ ನೀರು ನೀವು ಗಾಳ ಹಾಕುವ ಬಂಡೆಗಳ ಬುಡಕ್ಕೇ ಹೋಗುತ್ತಿದೆ ಎಂದು ತಿಳಿಯಿರಿ.

ಅಕ್ಟೋಬರಿನ ಒಂದೆರಡು ಗುಡುಗುಮಳೆಯಿಂದ ತೊಂದರೆಯಿಲ್ಲ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ಹೋಗುತ್ತದೆ, ಆಳದ ಗುಂಡಿಗಳಲ್ಲಿ ಉಪ್ಪುನೀರು ಹಾಗೆಯೇ ಉಳಿದಿರುತ್ತದೆ. ಮೇಲೆ ಕೆಂಪು ನೀರು ಕಂಡು ಜನ ಹಿಂದಿರುಗುವ ಅಂಥ ದಿನಗಳಲ್ಲಿಯೇ ನನಗೆ ಅಳಿವೆಯ ಆಳದ ಮಗ್ಗುಲಲ್ಲಿ ಕೆಂಬೇರಿ ಸಿಕ್ಕಿವೆ. ಆದರೆ ಘಟ್ಟದಲ್ಲಿ ಮೂರು ದಿನ ಎಡೆಬಿಡದೆ ಸುರಿದರೆ ತಳದವರೆಗೂ ಸಿಹಿನೀರೇ ತುಂಬುತ್ತದೆ. ಆಗ ಮುರು ಹೊರಗಡಲಿನ ಕಡೆ ಸರಿಯುತ್ತದೆ, ಅಳಿವೆಯಲ್ಲಿ ತೇಡೆ ಬಿಟ್ಟರೆ ಬೇರೇನೂ ಕಚ್ಚುವುದಿಲ್ಲ. ನಿಮ್ಮ ನಾಲ್ಕು ತೇಡೆಗಳ ಕಾರಣ ಬಹುಶಃ ಇದೇ. ಮಳೆ ನಿಂತು ನಾಲ್ಕೈದು ದಿನ ಬಿಟ್ಟು ಹೊರಡಿ, ಅಥವಾ ಹೊಳೆಯ ಪ್ರಭಾವ ಕಡಿಮೆ ಇರುವ ಬಂಡೆಸಾಲುಗಳಿಗೆ ಹೋಗಿ. ಸುರತ್ಕಲ್ ದೀಪಸ್ತಂಭದ ಕೆಳಗೂ 1901ರ ಕಾಪು ದೀಪಸ್ತಂಭದ ಸುತ್ತಲೂ ಅಂಥ ಬಂಡೆಗಳಿವೆ, ಕಡಲು ಶಾಂತವಿರುವ ದಿನಗಳಲ್ಲಿ ಮಾತ್ರ ಹೋಗಿ.

ಭರತ ಇಳಿತದ ಲೆಕ್ಕ ಪಂಚಾಂಗದಲ್ಲೇ ಇದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಮ್ಮ ತೀರದಲ್ಲಿ ಆ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಅಷ್ಟಮಿಯ ಹೊತ್ತಿಗೆ ಅದು ಬಹಳ ಕಡಿಮೆ. ಅಳಿವೆಯಲ್ಲಿ ಹುಣ್ಣಿಮೆಯ ಸೆಳೆತಕ್ಕೆ 60 ಗ್ರಾಂ ಭಾರವೂ ತಳದಲ್ಲಿ ನಿಲ್ಲದೆ ಉರುಳಿ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹೊಸಬರಿಗೆ ಅಷ್ಟಮಿಯ ಆಚೀಚೆಯ ದಿನಗಳೇ ವಾಸಿ. ದಿನದೊಳಗೆ ಭರತ ತುಂಬುವ ಕೊನೆಯ ಒಂದು ಗಂಟೆ ಮತ್ತು ಇಳಿಯತೊಡಗುವ ಮೊದಲ ಒಂದು ಗಂಟೆ ನನಗೆ ಹೆಚ್ಚು ಫಲ ಕೊಟ್ಟಿವೆ. ಇಂದಿನ ಭರತದ ಹೊತ್ತಿಗೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯದು ಸಿಗುತ್ತದೆ. ಕೆಂಬೇರಿ ಮುಸ್ಸಂಜೆಯ ಮೀನು ಎನ್ನುತ್ತಾರೆ, ನಿಜ. ಆದರೆ ಮೇಲೆ ಸೋದರಿ ಬರೆದದ್ದನ್ನು ಓದಿದ ಮೇಲೆ ಕತ್ತಲಲ್ಲಿ ಬಂಡೆಯ ಮೇಲಿರಿ ಎಂದು ನಾನು ಹೇಳಲಾರೆ. ಬೆಳಕು ಹರಿಯುವ ಹೊತ್ತಿಗೆ ಭರತ ಬರುವ ದಿನವನ್ನು ಆರಿಸಿಕೊಳ್ಳಿ. ಹಿಂದಿನ ದಿನವೇ ಹೋಗಿ, ಇಳಿತದಲ್ಲಿ ನೀರು ತೀರಾ ಕೆಳಗಿರುವಾಗ ಬಂಡೆಗಳ ಸಂದಿ, ಗುಂಡಿಗಳನ್ನು ನೋಡಿ ಗುರುತಿಟ್ಟುಕೊಳ್ಳುವುದು ನನ್ನ ಪದ್ಧತಿ. ಹಾಗೆ ನೋಡಿದ ಒಂದು ಗಂಟೆ ಕುರುಡಾಗಿ ಗಾಳ ಹಾಕಿದ ಒಂದು ದಿನಕ್ಕೆ ಸಮ.

ಹೆತ್ತೂರು ಹೊಳೆದಂಡೆ ಮತ್ತೆ ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆ. ಹತ್ತು ದಿನ ಮಳೆ ಇಲ್ಲದ್ದನ್ನು ನೋಡಿಕೊಂಡು, ನವಮಿಯ ಬೆಳಿಗ್ಗೆಗೆ ಸರಿಯಾಗಿ ಭಾವಮೈದುನನನ್ನು ಕರೆದುಕೊಂಡು ಹೋಗಿ ಬಂದೆ. ಹಿಂದಿನ ದಿನ ಇಳಿತದಲ್ಲಿ ನೋಡಿದಾಗ ನಾನು ಎರಡು ವರ್ಷದಿಂದ ಗಾಳ ಎಸೆಯುತ್ತಿದ್ದ ಜಾಗ ಬರಿಯ ಮರಳೆಂದೂ, ನಾನು ನಿಲ್ಲುತ್ತಿದ್ದ ಬಂಡೆಯ ಕೆಳಗೇ ಎಮ್ಮೆ ನುಗ್ಗುವಷ್ಟು ದೊಡ್ಡ ಸಂದಿ ಇದೆಯೆಂದೂ ತಿಳಿಯಿತು. ಬೆಳಿಗ್ಗೆ ಬರಿಯ ನಟ್ಟು ಎಸೆದು ಕಲ್ಲು ಮರಳಿನ ಗೆರೆಯನ್ನು ಬೆರಳಿನಲ್ಲೇ ಕಂಡುಕೊಂಡೆ. ಅದು ಹನ್ನೆರಡು ಹೆಜ್ಜೆ ದೂರವೂ ಇರಲಿಲ್ಲ.

ಕಳೆದುಕೊಂಡದ್ದು ಮೂರು ನಟ್ಟುಗಳು ಮಾತ್ರ, ಗಾಳ ಒಂದೂ ಹೋಗಲಿಲ್ಲ. ಬೊಂಡಾಸ್ ಪಟ್ಟಿಗೆ ಒಂದೂಕಾಲು ಕಿಲೊ ತೂಗಿದ ಕೆಂಬೇರಿ ಬಂತು. ಝಾಡಿಸಬೇಕೆಂದು ಕೈ ಹಾತೊರೆಯುತ್ತಿದ್ದರೂ ತಡೆದುಕೊಂಡು ಸುತ್ತುತ್ತಲೇ ಹೋದೆ, ಗಾಳ ದವಡೆಯ ಮೂಲೆಯಲ್ಲೇ ಇತ್ತು. ಎರಡನೆಯದು ಮುರು. ಅದು ನನ್ನ ಕೈಗಿಂತ ಬೇಗ ಸಂದಿ ಸೇರಿತು. ದಾರ ಸಡಿಲ ಬಿಟ್ಟು ಕುಳಿತೆ. ಭಾವಮೈದುನ ಕೈಗಡಿಯಾರ ನೋಡುತ್ತಿದ್ದ, ಏಳನೆಯ ನಿಮಿಷಕ್ಕೆ ದಾರ ಬೆರಳಿನ ಮೇಲೆ ಜರುಗಿತು. ಅದನ್ನು ಮೇಲೆತ್ತಿದಾಗ ಆದ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ. ಮೂರು ಮರಿ ಕೆಂಬೇರಿಗಳನ್ನು ಮರಳಿ ಬಿಟ್ಟಿದ್ದೇನೆಂದು ಮಲ್ಪೆಯ ತಂಗಿಗೆ ತಿಳಿಸಬೇಕು. ಹಿಡಿದ ಎರಡನ್ನೂ ಅಲ್ಲಿಯೇ ಹೊಟ್ಟೆ ಸೀಳಿ ತೊಳೆದು, ಮೀನಿನ ತೂಕದಷ್ಟೇ ಐಸು ಹಾಕಿ ತಂದೆವು. ಘಾಟಿ ಹತ್ತಿ ಮನೆ ಮುಟ್ಟಿದಾಗಲೂ ಕಣ್ಣು ತಿಳಿಯಾಗಿಯೇ ಇತ್ತು.

ಒಂದು ಸಂದೇಹ ಉಳಿದಿದೆ. ಮುರು ಬಂದ ಮೇಲೆ ದಪ್ಪ ತಂಗೂಸಿಯ ಕೊನೆಯ ಅರ್ಧ ಮೀಟರ್ ಉಜ್ಜಿ ಬೆಳ್ಳಗಾಗಿತ್ತು. ಅದನ್ನು ಹಾಗೆಯೇ ಬಳಸಬಹುದೇ?

ಗೊರೂರು ಹಿನ್ನೀರು ಬರೆದದ್ದು:

ಬಹಳ ಸಂತೋಷವಾಯಿತು. ಬೆಳ್ಳಗಾದ ದಾರವನ್ನು ಬಳಸಬೇಡಿ. ಪ್ರತಿ ಮೀನು ಬಂದ ಮೇಲೂ, ಪ್ರತಿ ಸಲ ಕಲ್ಲಿನಿಂದ ಬಿಡಿಸಿಕೊಂಡ ಮೇಲೂ ತಂಗೂಸಿಯನ್ನು ಉಗುರು ಮತ್ತು ಬೆರಳಿನ ನಡುವೆ ಉದ್ದಕ್ಕೂ ಎಳೆದು ನೋಡಿ. ಎಲ್ಲಿಯಾದರೂ ತರಿ ತಾಗಿದರೆ ಅಷ್ಟನ್ನೂ ಕತ್ತರಿಸಿ ಗಾಳವನ್ನು ಹೊಸದಾಗಿ ಕಟ್ಟಿ. ಒಂದೂವರೆ ಮೀಟರ್ ಕಟ್ಟಿಕೊಳ್ಳಲು ಕೊಟ್ಟಿಗೆಹಾರದವರು ಹೇಳಿದ್ದು ಹೀಗೆ ಎರಡು ಮೂರು ಸಲ ಕತ್ತರಿಸಿದರೂ ಉಳಿಯಲಿ ಎಂದೇ ಇರಬೇಕು. ಕತ್ತರಿಸಿದ ತುಂಡುಗಳನ್ನು ಜೇಬಿನಲ್ಲಿ ಹಾಕಿಕೊಂಡು ಬನ್ನಿ, ಬಂಡೆಯ ಮೇಲೆ ಬಿಟ್ಟರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ರೀಲನ್ನು ಮನೆಗೆ ಬಂದ ರಾತ್ರಿಯೇ ಸಿಹಿನೀರಿನ ತೆಳು ಧಾರೆಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದ್ದೀರಿ ತಾನೇ?